ಎಲೆಕ್ಟ್ರಿಕ್ ಕಾರಿನಲ್ಲಿ ಹ್ಯಾಮ್ ರೇಡಿಯೊ: ನಾಯ್ಸ್ ಬರುವ ದಾರಿ ಹಿಡಿಯುವುದು

ಎಲೆಕ್ಟ್ರಿಕ್ ಕಾರಿಗೆ ರೇಡಿಯೊ ಹಾಕಿಕೊಂಡ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಮೊದಲು ಕೇಳುವುದು, ‘ಯಾವ ಫೆರೈಟ್ ತರಲಿ?’ ಎಂದು (ಫೆರೈಟ್ ಅಂದರೆ ವೈರಿಗೆ ತೊಡಿಸಿ, ರೇಡಿಯೊಗೆ ನುಗ್ಗುವ ವಿದ್ಯುತ್ ಗದ್ದಲವನ್ನು, ಅಂದರೆ ನಾಯ್ಸನ್ನು, ತಡೆಯುವ ಕಾಂತೀಯ ವಸ್ತು). ಅದಕ್ಕೆ ಉತ್ತರ ಇದೆ, ಆದರೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ನಾಯ್ಸ್ ಯಾವ ದಾರಿಯಿಂದ ರೇಡಿಯೊ ಒಳಗೆ ಬರುತ್ತಿದೆ ಎಂಬುದು. ಬ್ಯಾಟರಿಯ ವೈರಿನಿಂದಲೋ, ಕೋಆಕ್ಸ್‌ನ (ಆಂಟೆನಾ ಕೇಬಲ್ಲಿನ) ಹೊರ ಜಾಲರಿಯ ಮೇಲಿಂದಲೋ, ಗಾಳಿಯಲ್ಲಿ ಬಂದು ನೇರ ಆಂಟೆನಾಕ್ಕೋ? ಮೂರಕ್ಕೂ ಮದ್ದು ಬೇರೆ ಬೇರೆ. ದಾರಿ ತಿಳಿಯದೆ ಸಿಕ್ಕ ಸಿಕ್ಕ ವೈರಿಗೆಲ್ಲ ಕ್ಲಿಪ್ ಫೆರೈಟ್ ಹಾಕಿದರೆ ಹಣ ಹೋಗುತ್ತದೆ, ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರಿನ ಮುಳ್ಳು ಇದ್ದಲ್ಲೇ ಇರುತ್ತದೆ.

ನಾಯ್ಸ್ ಹುಟ್ಟುವ ಜಾಗಗಳನ್ನು ಮೊದಲು ಗುರುತಿಸಿಕೊಳ್ಳೋಣ. ಮೋಟರನ್ನು ಓಡಿಸುವ ಇನ್ವರ್ಟರ್ 400 ಅಥವಾ 800 ವೋಲ್ಟ್ ಮಟ್ಟದ ಡಿಸಿಯನ್ನು ಸೆಕೆಂಡಿಗೆ ಸುಮಾರು ಹತ್ತು ಸಾವಿರ ಬಾರಿ ಕತ್ತರಿಸಿ ಮೂರು ಫೇಸ್ ಎಸಿ ಮಾಡುತ್ತದೆ. 10 ಕಿಲೊಹರ್ಟ್ಸ್ ಎಲ್ಲಿ, 7 ಮೆಗಾಹರ್ಟ್ಸ್ ಎಲ್ಲಿ ಎನಿಸಬಹುದು. ತೊಂದರೆ ಇರುವುದು ಎಷ್ಟು ಬಾರಿ ಕತ್ತರಿಸುತ್ತದೆ ಎನ್ನುವುದಕ್ಕಿಂತ ಎಷ್ಟು ಚುರುಕಾಗಿ ಕತ್ತರಿಸುತ್ತದೆ ಎನ್ನುವುದರಲ್ಲಿ. ಸಿಲಿಕಾನ್ ಕಾರ್ಬೈಡ್ ಸ್ವಿಚ್‌ಗಳು ಕೆಲವು ಹತ್ತು ನ್ಯಾನೊಸೆಕೆಂಡುಗಳಲ್ಲಿ ತೆರೆದು ಮುಚ್ಚುತ್ತವೆ. ಅಷ್ಟು ಕಡಿದಾದ ಅಂಚಿನ ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ ಗುಣಕಗಳು) ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಪೂರ್ತಿ ಹರಡುತ್ತವೆ. ಸ್ವಿಚ್ ಚುರುಕಾದಷ್ಟೂ ಶಾಖವಾಗಿ ಸೋರಿಹೋಗುವ ವಿದ್ಯುತ್ ಕಡಿಮೆ, ಆದ್ದರಿಂದ ಕಾರಿನ ರೇಂಜ್‌ಗೆ ಒಳ್ಳೆಯದು. ರೇಡಿಯೊಗೆ ಅದೇ ಕೆಟ್ಟದ್ದು.

ಆದರೆ ಬಹಳ ಸಲ ನಿಜವಾದ ಕಿರುಕುಳ ಇನ್ವರ್ಟರಿನದಲ್ಲ, ಡಿಸಿ-ಡಿಸಿ ಕನ್ವರ್ಟರಿನದು. ಈ ಕಾರುಗಳಲ್ಲಿ ಆಲ್ಟರ್ನೇಟರ್ ಇಲ್ಲ. ದೊಡ್ಡ ಪ್ಯಾಕಿನ ವೋಲ್ಟೇಜನ್ನು ಇಳಿಸಿ 12 ವೋಲ್ಟಿನ ಚಿಕ್ಕ ಬ್ಯಾಟರಿಗೆ ತುಂಬುವುದು ಈ ಕನ್ವರ್ಟರ್. ಕಾರು ‘ರೆಡಿ’ ಸ್ಥಿತಿಯಲ್ಲಿದ್ದರೆ ಸಾಕು, ಚಕ್ರ ತಿರುಗದಿದ್ದರೂ ಇದು ಕೆಲಸ ಮಾಡುತ್ತಲೇ ಇರುತ್ತದೆ. ಅದರ ಔಟ್‌ಪುಟ್ ವೈರುಗಳು ಕಾರಿನ ಮೂಲೆಮೂಲೆಗೂ ಹೋಗಿರುವುದರಿಂದ ಇಡೀ ಕಾರೇ ಅದಕ್ಕೆ ಆಂಟೆನಾ. ಇವೆರಡರ ಜೊತೆಗೆ ಎಸಿ ಕಂಪ್ರೆಸರಿಗೆ ಅದರದೇ ಇನ್ವರ್ಟರ್, ಹೀಟರು, ಕೂಲೆಂಟ್ ಪಂಪ್, ಪರದೆಗಳು, ಯುಎಸ್‌ಬಿ ಸಾಕೆಟ್‌ಗಳು ಎಲ್ಲ ಸೇರುತ್ತವೆ. ಎಎಂ ರೇಡಿಯೊವನ್ನು ಹಲವು ತಯಾರಕರು ಎಲೆಕ್ಟ್ರಿಕ್ ಕಾರುಗಳಿಂದ ಕೈಬಿಟ್ಟದ್ದು ಇದೇ ಕಾರಣಕ್ಕೆ.

ಕಿವಿ ಸ್ವಲ್ಪ ಪಳಗಿದರೆ ಇವುಗಳ ಗುರುತು ಬೇರೆ ಬೇರೆಯಾಗಿ ಸಿಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಏರಿ, ಬಿಟ್ಟಾಗ ಕ್ಷಣ ಮಾಯವಾಗಿ, ರೀಜೆನ್ ಬ್ರೇಕಿಂಗ್ (ಮೋಟರೇ ಜನರೇಟರಾಗಿ ಬ್ಯಾಟರಿ ತುಂಬುವ ಬ್ರೇಕ್) ಶುರುವಾದ ಕೂಡಲೇ ಮತ್ತೆ ಬರುವ ಕಿರುಗುಟ್ಟುವಿಕೆ ಮೋಟರ್ ಇನ್ವರ್ಟರಿನದು. ಬ್ಯಾಂಡಿನ ಉದ್ದಕ್ಕೂ ಸಮಾನ ಅಂತರದಲ್ಲಿ ಉಬ್ಬುಗಳಂತೆ ಕಾಣಿಸಿ, ವೇಗಕ್ಕೂ ತನಗೂ ಸಂಬಂಧವೇ ಇಲ್ಲದಂತೆ ಇರುವುದು ಡಿಸಿ-ಡಿಸಿ ಕನ್ವರ್ಟರಿನದು. ಎರಡು ಉಬ್ಬುಗಳ ನಡುವಿನ ಅಂತರವೇ ಅದರ ಸ್ವಿಚಿಂಗ್ ಫ್ರೀಕ್ವೆನ್ಸಿ, ಸಾಮಾನ್ಯವಾಗಿ 100 ಕಿಲೊಹರ್ಟ್ಸ್ ಆಸುಪಾಸು. ಹೆಡ್‌ಲೈಟ್ ಹಾಕಿದಾಗ ಉಬ್ಬು ಕೊಂಚ ಸರಿದರೆ ಅನುಮಾನವೇ ಬೇಡ. ಎಚ್‌ಎಫ್ ಶಾಂತವಾಗಿದ್ದು 145 ಮೆಗಾಹರ್ಟ್ಸ್‌ನಲ್ಲಿ ಮಾತ್ರ ನಾಯ್ಸ್ ಇದ್ದರೆ ಕಾರನ್ನು ದೂರುವ ಮೊದಲು ಡ್ಯಾಶ್‌ಕ್ಯಾಮ್ ಕಿತ್ತು ನೋಡಿ. ಅಗ್ಗದ ಡ್ಯಾಶ್‌ಕ್ಯಾಮ್ ಮತ್ತು ಅದರ ಯುಎಸ್‌ಬಿ ಅಡಾಪ್ಟರ್ ವಿಎಚ್‌ಎಫ್‌ಗೆ (30ರಿಂದ 300 ಮೆಗಾಹರ್ಟ್ಸ್) ದೊಡ್ಡ ಶತ್ರುಗಳು.

ದಾರಿ ಹಿಡಿಯುವ ಪರೀಕ್ಷೆ

ಇದಕ್ಕೆ ಬೇಕಾದದ್ದು ಕಾರಿಗೆ ಸಂಬಂಧವಿಲ್ಲದ ಒಂದು 12 ವೋಲ್ಟ್ ಬ್ಯಾಟರಿ, ಒಂದು 50 ಓಮ್ ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್), ಬರೆದುಕೊಳ್ಳಲು ಒಂದು ಹಾಳೆ. ರೇಡಿಯೊದ ಎಜಿಸಿ (ದನಿಯ ಮಟ್ಟವನ್ನು ತಾನೇ ಸರಿಹೊಂದಿಸುವುದು), ನಾಯ್ಸ್ ಬ್ಲ್ಯಾಂಕರ್, ಪ್ರೀಆಂಪ್ ಇವುಗಳ ಸ್ಥಿತಿ ಪರೀಕ್ಷೆ ಮುಗಿಯುವವರೆಗೆ ಬದಲಾಗಬಾರದು. ಫ್ರೀಕ್ವೆನ್ಸಿಗಳನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. 3.6, 7.1, 14.2, 28.4 ಮತ್ತು 145 ಮೆಗಾಹರ್ಟ್ಸ್ ಸಾಕು.

ರೇಡಿಯೊವನ್ನು ಸೀಟಿನ ಮೇಲಿಟ್ಟು, ಬೇರೆ ಬ್ಯಾಟರಿಗೆ ಜೋಡಿಸಿ, ಆಂಟೆನಾ ಜಾಗಕ್ಕೆ ಡಮ್ಮಿ ಲೋಡ್ ಹಾಕಿ. ಕಾರು ರೆಡಿ ಸ್ಥಿತಿಯಲ್ಲಿರಲಿ. ಈಗ ಬರೀ ತೆಳುವಾದ ‘ಸ್ಸ್’ ಕೇಳಬೇಕು. ಇದು ನಿಮ್ಮ ಸೊನ್ನೆ ಗೆರೆ. ಮುಂದೆ ಬ್ಯಾಟರಿ ಮಾತ್ರ ಬದಲಿಸಿ ಕಾರಿನ 12 ವೋಲ್ಟಿಗೆ ಹಾಕಿ. ನಾಯ್ಸ್ ಎದ್ದರೆ ಅದು ಪವರ್ ವೈರಿನ ದಾರಿ. ಏಳದಿದ್ದರೆ ಪವರ್ ಫಿಲ್ಟರಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಮತ್ತೆ ಬೇರೆ ಬ್ಯಾಟರಿಗೆ ಬನ್ನಿ, ಡಮ್ಮಿ ಲೋಡ್ ತೆಗೆದು ಕಾರಿನ ಮೇಲಿರುವ ಆಂಟೆನಾ ಜೋಡಿಸಿ. ನಾಯ್ಸ್ ಬಂತು ಎಂದುಕೊಳ್ಳಿ. ಈಗ ಆಂಟೆನಾದ ವಿಪ್ (ಮೇಲಿನ ಕಡ್ಡಿ) ಮಾತ್ರ ಬಿಚ್ಚಿ. ಬೇಸ್ ಮತ್ತು ಕೋಆಕ್ಸ್ ಹಾಗೇ ಇರಲಿ. ವಿಪ್ ಇಲ್ಲದಿದ್ದರೂ ನಾಯ್ಸ್ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಅದು ಕೋಆಕ್ಸ್‌ನ ಹೊರಮೈ ಹಿಡಿದು ಬರುತ್ತಿದೆ, ಇದಕ್ಕೆ ಚೋಕ್, ಅಂದರೆ ಫೆರೈಟ್ ರಿಂಗಿಗೆ ಸುತ್ತಿದ ಕೇಬಲ್, ಮದ್ದು. ವಿಪ್ ಬಿಚ್ಚಿದ ಕೂಡಲೇ ಸತ್ತುಹೋದರೆ ಅದು ಗಾಳಿಯಲ್ಲಿ ಬಂದು ಆಂಟೆನಾಕ್ಕೇ ಸಿಗುತ್ತಿದೆ. ಅಲ್ಲಿ ಕೋಆಕ್ಸ್ ಮೇಲೆ ಎಷ್ಟು ಫೆರೈಟ್ ಹಾಕಿದರೂ ಉಪಯೋಗವಿಲ್ಲ. ಆಂಟೆನಾ ದೂರ ಹೋಗಬೇಕು, ಇಲ್ಲವೇ ಕಾರಿನ ಬಾಡಿ ಭಾಗಗಳ ಬಾಂಡಿಂಗ್ (ಲೋಹದ ಪಟ್ಟಿಯಿಂದ ಒಂದಕ್ಕೊಂದು ಜೋಡಣೆ) ಸರಿಯಾಗಬೇಕು.

ಇದೇ ಪರೀಕ್ಷೆಯನ್ನು ಕಾರಿನ ಒಂದೊಂದು ಸ್ಥಿತಿಯಲ್ಲೂ ಮಾಡಿ: ಪೂರ್ತಿ ನಿದ್ದೆ, ಆಕ್ಸೆಸರಿ, ರೆಡಿ, ಎಸಿ ಹಾಕಿ, ಹೀಟರ್ ಹಾಕಿ, ನಿಧಾನ ಓಡಿಸುತ್ತ, ರೀಜೆನ್‌ನಲ್ಲಿ. ಓಡುವ ಪರೀಕ್ಷೆಗೆ ಇಬ್ಬರು ಬೇಕು, ಒಬ್ಬರು ಓಡಿಸಲು, ಇನ್ನೊಬ್ಬರು ಬರೆದುಕೊಳ್ಳಲು. ಇಲ್ಲಿ ಎಡವುವುದು ‘ನಿದ್ದೆ’ಯ ವಿಷಯದಲ್ಲಿ. ಪರದೆ ಆರಿದ ಮಾತ್ರಕ್ಕೆ ಕಾರು ಮಲಗಿರುವುದಿಲ್ಲ. ಬಾಗಿಲು ತೆರೆದರೆ, ಕೀ ಹತ್ತಿರವಿದ್ದರೆ ಎಷ್ಟೋ ಕಾರುಗಳು ಎಚ್ಚರವಾಗೇ ಇರುತ್ತವೆ. ಕೀಯನ್ನು ದೂರ ಇಟ್ಟು, ಕಾಲು ಗಂಟೆ ಕಾದು ಅಳೆಯಿರಿ.

ಎಸ್-ಮೀಟರಿನ ಅಂಕಿ ಓದುವಾಗ ಒಂದು ಲೆಕ್ಕ ನೆನಪಿರಲಿ. ಎಚ್‌ಎಫ್‌ನಲ್ಲಿ ಎಸ್9 ಅಂದರೆ ಆಂಟೆನಾ ಸಾಕೆಟ್ಟಿನಲ್ಲಿ 50 ಮೈಕ್ರೊವೋಲ್ಟ್, ಒಂದೊಂದು ಎಸ್ ಮೆಟ್ಟಿಲಿಗೂ 6 ಡೆಸಿಬೆಲ್. ನಾಯ್ಸ್ ಎಸ್7ರಿಂದ ಎಸ್3ಕ್ಕೆ ಇಳಿದರೆ 24 ಡೆಸಿಬೆಲ್ ಗಳಿಸಿದಂತೆ. ಎದುರಿನ ಸ್ಟೇಷನ್ ತನ್ನ ಪವರನ್ನು 250 ಪಟ್ಟು ಏರಿಸಿದರೆ ಸಿಗುವ ಲಾಭ ಅದು. ಆದರೆ ಎಸ್9ರ ಕೆಳಗೆ ಬಹುತೇಕ ಮೀಟರುಗಳು ಈ ಲೆಕ್ಕ ಪಾಲಿಸುವುದಿಲ್ಲ. ರೇಡಿಯೊದಲ್ಲಿ 20 ಡೆಸಿಬೆಲ್ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸ್ವಿಚ್) ಇದ್ದರೆ ಅದನ್ನು ಹಾಕಿ ತೆಗೆದು, ಮುಳ್ಳು ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ನಿಮ್ಮ ಮೀಟರಿನ ನಿಜವಾದ ಅಳತೆಗೋಲು ಅದೇ.

ಕರೆಂಟ್ ಎಲ್ಲಿಂದ ತೆಗೆದುಕೊಳ್ಳಬೇಕು

60 ಕಿಲೊವ್ಯಾಟ್-ಅವರ್ ಪ್ಯಾಕಿನ ಮೇಲೆ ಕುಳಿತು ರೇಡಿಯೊಗೆ ಕರೆಂಟ್ ಸಾಲದು ಎಂದರೆ ವಿಚಿತ್ರ ಎನಿಸುತ್ತದೆ. ಆದರೆ ರೇಡಿಯೊಗೆ ಸಿಗುವುದು ಆ ಪ್ಯಾಕ್ ಅಲ್ಲ, 12 ವೋಲ್ಟಿನ ಚಿಕ್ಕ ಬ್ಯಾಟರಿ. ಎಂಜಿನ್ ತಿರುಗಿಸುವ ಭಾರ ಇಲ್ಲದ್ದರಿಂದ ಅದನ್ನು ಸಣ್ಣದಾಗಿಯೇ ಮಾಡಿರುತ್ತಾರೆ. ಕಾರು ಮಲಗಿದಾಗ ಕನ್ವರ್ಟರ್ ಕೂಡ ಮಲಗುತ್ತದೆ. ಆಗ ರೇಡಿಯೊ ಎಳೆಯುವುದೆಲ್ಲ ಆ ಚಿಕ್ಕ ಬ್ಯಾಟರಿಯಿಂದಲೇ. ಅದು ಖಾಲಿಯಾದರೆ ರಿಮೋಟಿಗೆ ಬಾಗಿಲು ತೆರೆಯದು, ಕಾರು ರೆಡಿ ಆಗದು. ದೊಡ್ಡ ಪ್ಯಾಕನ್ನು ಕಾರಿಗೆ ಜೋಡಿಸುವ ಕಾಂಟ್ಯಾಕ್ಟರ್‌ಗಳು ಮುಚ್ಚಿಕೊಳ್ಳಲು ಬೇಕಾದದ್ದೂ ಆ 12 ವೋಲ್ಟೇ.

ಜೋಡಿಸುವ ಮೊದಲು ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿ. ಬಹುತೇಕ ರೇಡಿಯೊಗಳು 13.8 ವೋಲ್ಟ್, ಮೇಲೆ ಕೆಳಗೆ ಶೇಕಡಾ 15, ಅಂದರೆ 11.7ರಿಂದ 15.8 ವೋಲ್ಟ್ ತಡೆದುಕೊಳ್ಳುತ್ತವೆ. ಲೀಡ್-ಆಸಿಡ್ ಇದ್ದರೆ ಚಿಂತೆಯಿಲ್ಲ. ಕೆಲವು ಕಾರುಗಳ ಲಿಥಿಯಂ ಸಹಾಯಕ ಬ್ಯಾಟರಿ 15 ವೋಲ್ಟ್ ದಾಟಿ ನಿಲ್ಲುತ್ತದೆ, ಅದು ಮೇಲಿನ ಮಿತಿಗೆ ತೀರ ಹತ್ತಿರ. 48 ವೋಲ್ಟಿನ ಸಹಾಯಕ ವ್ಯವಸ್ಥೆಯ ಕಾರುಗಳೂ ಬಂದಿವೆ; ಅವಕ್ಕೆ ನೇರ ಜೋಡಿಸಿದರೆ ರೇಡಿಯೊ ಸುಟ್ಟುಹೋಗುತ್ತದೆ.

100 ವ್ಯಾಟಿನ ರೇಡಿಯೊ ಟ್ರಾನ್ಸ್‌ಮಿಟ್‌ನಲ್ಲಿ 20 ಆಂಪಿಯರ್ ದಾಟುತ್ತದೆ. ಆದ್ದರಿಂದ ವೈರಿನ ದಪ್ಪದಲ್ಲಿ ಜಿಪುಣತನ ಬೇಡ. ಬ್ಯಾಟರಿಯಿಂದ ರೇಡಿಯೊಗೆ 4 ಮೀಟರ್ ಎಂದುಕೊಂಡರೆ ಹೋಗಿ ಬರುವ ದಾರಿ 8 ಮೀಟರ್. 2.5 ಚದರ ಮಿ.ಮೀ. ತಾಮ್ರದಲ್ಲಿ 20 ಆಂಪಿಯರಿಗೆ ಸುಮಾರು 1.1 ವೋಲ್ಟ್ ಕಳೆದುಹೋಗುತ್ತದೆ, 6 ಚದರ ಮಿ.ಮೀ.ನಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ. ಎಸ್‌ಎಸ್‌ಬಿಯಲ್ಲಿ (ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ವಿಧಾನ) ದನಿ ಏರಿದಾಗಲೆಲ್ಲ ರೇಡಿಯೊ ಆರಿ ಹತ್ತುತ್ತಿದ್ದರೆ ಕಾರಣ ಬಹುಪಾಲು ಇದೇ. ಪ್ಲಸ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿ. ಫ್ಯೂಸ್ ಇರುವುದು ವೈರಿನ ರಕ್ಷಣೆಗೆ, ಅದು ರೇಡಿಯೊ ಪಕ್ಕದಲ್ಲಿದ್ದರೆ ನಡುವಿನ 4 ಮೀಟರಿಗೆ ದಿಕ್ಕಿಲ್ಲ. ಮೈನಸ್ ವೈರನ್ನು ಮಾತ್ರ ಬ್ಯಾಟರಿಯ ಟರ್ಮಿನಲ್ಲಿಗೆ ಕಚ್ಚಿಸಬೇಡಿ. ಅಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಕೂತಿರುತ್ತದೆ. ಅದನ್ನು ದಾಟಿಸಿ ಜೋಡಿಸಿದರೆ ರೇಡಿಯೊ ಎಳೆದ ಕರೆಂಟ್ ಕಾರಿನ ಲೆಕ್ಕಕ್ಕೆ ಬಾರದೆ ಬ್ಯಾಟರಿಯ ಸ್ಥಿತಿಯನ್ನು ಅದು ತಪ್ಪಾಗಿ ಎಣಿಸುತ್ತದೆ. ಬ್ಯಾಟರಿಯ ಮೈನಸ್ ಪಟ್ಟಿ ಬಾಡಿಗೆ ಬೋಲ್ಟ್ ಆಗಿರುವ ಜಾಗವೇ ಸರಿಯಾದ ಜಾಗ.

ಇಷ್ಟೆಲ್ಲ ಬರೆದರೂ, ಎಚ್‌ಎಫ್ ಮಾಡುವವರಿಗೆ ನನ್ನ ಸಲಹೆ ಬೇರೆಯದೇ: ಕಾರಿನ 12 ವೋಲ್ಟನ್ನು ಮುಟ್ಟಲೇಬೇಡಿ. ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12.8 ವೋಲ್ಟ್, 20 ಆಂಪಿಯರ್-ಅವರ್, ಒಂದು ಸಾಕು. ಕೇಳುವಾಗ 1 ಆಂಪಿಯರ್, ಎಸ್‌ಎಸ್‌ಬಿಯಲ್ಲಿ ಮಾತಾಡುವಾಗ ಸರಾಸರಿ 8 ಆಂಪಿಯರ್, ನಾಲ್ಕನೇ ಒಂದು ಹೊತ್ತು ಮಾತು ಎಂದರೆ ಒಟ್ಟು ಸರಾಸರಿ 2.75 ಆಂಪಿಯರ್. ಬ್ಯಾಟರಿಯ ಶೇಕಡಾ 80 ಮಾತ್ರ ಬಳಸಿದರೂ ಐದೂಮುಕ್ಕಾಲು ಗಂಟೆ ಬರುತ್ತದೆ. ಎಫ್‌ಟಿ8 (ಕಂಪ್ಯೂಟರ್ ಮೂಲಕ ಗಿಡ್ಡ ಸಂದೇಶ ಕಳಿಸುವ ಡಿಜಿಟಲ್ ವಿಧಾನ) ಆದರೆ ಅರ್ಧ ಹೊತ್ತು ಪೂರ್ತಿ ಪವರಿನ ಕ್ಯಾರಿಯರ್, ಆದ್ದರಿಂದ 25 ಅಥವಾ 30 ವ್ಯಾಟಿಗೆ ಇಳಿಸಿ. ಇದರಿಂದ ಪವರ್ ವೈರಿನ ನಾಯ್ಸ್ ದಾರಿಯೇ ಇಲ್ಲವಾಗುತ್ತದೆ, ಕಾರಿನ ವಾರಂಟಿಯ ತಕರಾರೂ ಇರುವುದಿಲ್ಲ. ಚಾರ್ಜ್ 14.4 ವೋಲ್ಟಿಗೆ, ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಬೇಡ, ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಬಿಟ್ಟುಹೋಗುವುದೂ ಬೇಡ. ಕಾರಿಗೆ ವಿ2ಎಲ್ ಸಾಕೆಟ್ (ದೊಡ್ಡ ಪ್ಯಾಕಿನಿಂದ ಮನೆಯ ಸಾಧನಗಳಿಗೆ ಕರೆಂಟ್ ಕೊಡುವುದು) ಇದ್ದರೆ ಈ ಬ್ಯಾಟರಿಯನ್ನು ಊಟದ ಹೊತ್ತಿನಲ್ಲಿ ಅದರಿಂದ ತುಂಬಿಸಿ, ವಿ2ಎಲ್ ಆರಿಸಿ, ಮತ್ತೆ ಬ್ಯಾಟರಿಯಿಂದಲೇ ರೇಡಿಯೊ ನಡೆಸಿ ಕೇಳಿ. ವಿ2ಎಲ್ ಇನ್ವರ್ಟರ್ ಓಡುತ್ತಿರುವಾಗ ದುರ್ಬಲ ಸಿಗ್ನಲ್ ಕೇಳಲು ಹೋಗುವುದು ವ್ಯರ್ಥ ಶ್ರಮ.

ಫೆರೈಟ್, ಈಗ

ಎಚ್‌ಎಫ್‌ಗೆ ಮಿಕ್ಸ್ 31 ತನ್ನಿ (ಮಿಕ್ಸ್ ಅಂದರೆ ಫೆರೈಟಿನ ಮಿಶ್ರಣದ ಸಂಖ್ಯೆ). 43 ವಿಎಚ್‌ಎಫ್ ಕಡೆಗೆ ಒಳ್ಳೆಯದು, 3.6 ಮೆಗಾಹರ್ಟ್ಸ್‌ನಲ್ಲಿ 31ರ ಸಮಕ್ಕೆ ಬರದು. ಹೆಸರಿಲ್ಲದ ಕಪ್ಪು ಕ್ಲಿಪ್‌ಗಳು ಯಾವ ಮಿಕ್ಸ್ ಎಂದು ಯಾರಿಗೂ ಗೊತ್ತಿರುವುದಿಲ್ಲ, ಬಿಟ್ಟುಬಿಡಿ. ಒಂದು ವೈರು ಒಮ್ಮೆ ತೂರಿದರೆ 7 ಮೆಗಾಹರ್ಟ್ಸ್‌ನಲ್ಲಿ ಸಿಗುವ ತಡೆ ಅಲ್ಪ. ಸುತ್ತು ಹೆಚ್ಚಿದಂತೆ ತಡೆ ಸುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಒಂದು ಸುತ್ತಿಗೆ 1 ಪಾಲಾದರೆ ಮೂರಕ್ಕೆ 9, ಐದಕ್ಕೆ 25. ತೀರ ಹೆಚ್ಚು ಸುತ್ತಿದರೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಮೇಲಿನ ಬ್ಯಾಂಡುಗಳಲ್ಲಿ ಆ ಲಾಭವನ್ನು ತಿಂದುಹಾಕುತ್ತದೆ.

ಕೋಆಕ್ಸ್‌ಗೆ ಎಫ್‌ಟಿ240-31 ರಿಂಗ್. ಹೊರ ವ್ಯಾಸ 61 ಮಿ.ಮೀ., ಒಳ ವ್ಯಾಸ 36 ಮಿ.ಮೀ. ಹತ್ತಿರ. 5 ಮಿ.ಮೀ. ದಪ್ಪದ ಆರ್‌ಜಿ-58 ಇದರಲ್ಲಿ 12 ಸುತ್ತು ಒಂದರ ಪಕ್ಕ ಒಂದು ಕೂರುತ್ತದೆ. ರಿಂಗಿನ ಚೂಪು ಅಂಚಿಗೆ ಮೊದಲು ಬಟ್ಟೆ ಟೇಪ್ ಸುತ್ತಿ. ಇದರಿಂದ ಕೋಆಕ್ಸ್ ಸಿಪ್ಪೆಗೆ ಗಾಯವಾಗುವುದಿಲ್ಲ, ಕಾರಿನ ಅದುರಾಟಕ್ಕೆ ರಿಂಗ್ ಬಿರುಕು ಬಿಡುವುದೂ ತಪ್ಪುತ್ತದೆ. ಕೋಆಕ್ಸನ್ನು ಹಗ್ಗದಂತೆ ಜಗ್ಗಿ ಬಿಗಿಯಬೇಡಿ. ಒಳಗೆ ಫೋಮ್ ಇರುವ ಕೋಆಕ್ಸ್ ಇಲ್ಲಿಗೆ ಆಗುವುದಿಲ್ಲ: ಬಿಗಿಯಾಗಿ ಬಗ್ಗಿಸಿದ ಕಡೆ ಬಿಸಿಲಿನ ಶಾಖಕ್ಕೆ ಫೋಮ್ ಮೆತ್ತಗಾಗಿ, ನಡುವಿನ ತಂತಿ ದಿನದಿಂದ ದಿನಕ್ಕೆ ಸರಿಯುತ್ತ ಒಂದು ದಿನ ಜಾಲರಿಗೆ ತಾಗುತ್ತದೆ. ಈ ಚೋಕನ್ನು ಆಂಟೆನಾ ಬೇಸಿನ ಬುಡದಲ್ಲಿಡಿ, ರೇಡಿಯೊ ಹಿಂದೆ ಅಲ್ಲ. ನಾಯ್ಸ್ ಜಾಲರಿಯಿಂದ ಕೋಆಕ್ಸ್ ಒಳಗೆ ಇಳಿಯುವುದು ಆ ತುದಿಯಲ್ಲೇ.

ಪವರ್ ವೈರಿನ ನಾಯ್ಸ್ ಎಂದು ಪರೀಕ್ಷೆಯಲ್ಲಿ ಸಾಬೀತಾಗಿದ್ದರೆ ಪ್ಲಸ್, ಮೈನಸ್ ಎರಡನ್ನೂ ಜೋಡಿಯಾಗಿ ಒಂದೇ ರಿಂಗಿನಲ್ಲಿ 5-6 ಸುತ್ತು ಸುತ್ತಿ. ಪ್ಲಸ್ ಒಂದನ್ನೇ ಸುತ್ತಿದರೆ 20 ಆಂಪಿಯರ್ ಡಿಸಿ ಫೆರೈಟನ್ನು ಸ್ಯಾಚುರೇಟ್ ಮಾಡುತ್ತದೆ, ಆಗ ಅದು ಇದ್ದೂ ಇಲ್ಲದಂತೆ. ಜೋಡಿಯಾಗಿದ್ದರೆ ಹೋಗುವ ಬರುವ ಕರೆಂಟಿನ ಕಾಂತಕ್ಷೇತ್ರಗಳು ಒಂದನ್ನೊಂದು ಕಳೆಯುತ್ತವೆ. ಕ್ಲಿಪ್ ಬಗೆಯದನ್ನು ಬಳಸುವುದಾದರೆ ಎರಡು ಹೋಳುಗಳ ಮುಖ ಒರೆಸಿ ಮುಚ್ಚಿ. ಕೂದಲೆಳೆಯಷ್ಟು ಸಂದು ಉಳಿದರೂ ತಡೆ ಕುಸಿಯುತ್ತದೆ.

ಕಿತ್ತಳೆ ಬಣ್ಣದ ಕೇಬಲ್‌ಗಳ ಮೇಲೆ ಫೆರೈಟ್ ಹಾಕುವ ಯೋಚನೆ ಯಾರಿಗೂ ಬೇಡ. ಅವು ಪ್ರಾಣ ತೆಗೆಯುವ ವೋಲ್ಟೇಜಿನವು. ಆ ಇಡೀ ಹೈ ವೋಲ್ಟೇಜ್ ಭಾಗ ಬಾಡಿಯಿಂದ ಬೇರ್ಪಟ್ಟಿರುತ್ತದೆ, ಆ ಬೇರ್ಪಡೆಯನ್ನು ಕಾರು ಸದಾ ಅಳೆಯುತ್ತಿರುತ್ತದೆ. ಸಿಪ್ಪೆಗೆ ಗಾಯವಾದರೆ ಕಾರು ಓಡಲು ನಿರಾಕರಿಸಬಹುದು. ಅದೇ ಕಾರಣಕ್ಕೆ ನೆಲಹಾಸಿನಲ್ಲಿ ಡ್ರಿಲ್ ಹಾಕುವುದೂ ನಿಷಿದ್ಧ, ಅದರ ಕೆಳಗೇ ಪ್ಯಾಕ್ ಇದೆ.

ಆಂಟೆನಾ ಜಾಗ

ಗಾಜಿನ ಛಾವಣಿ, ಅಲ್ಯುಮಿನಿಯಂ ಬಾನೆಟ್, ಪ್ಲಾಸ್ಟಿಕ್ ಹಿಂಬಾಗಿಲು: ಮ್ಯಾಗ್ನೆಟ್ ಬೇಸ್ ಕೂರಲು ಎಷ್ಟೋ ಎಲೆಕ್ಟ್ರಿಕ್ ಕಾರುಗಳಲ್ಲಿ ಜಾಗವೇ ಇಲ್ಲ. 145 ಮೆಗಾಹರ್ಟ್ಸ್‌ನ ಕಾಲು ತರಂಗದ ವಿಪ್ 49 ಸೆಂ.ಮೀ. ಅಷ್ಟೇ, ಹಿಂಬಾಗಿಲಿನ ಅಂಚಿನ ಕ್ಲ್ಯಾಂಪ್‌ನಲ್ಲಿ ನಡೆಯುತ್ತದೆ. ಎಚ್‌ಎಫ್‌ಗೆ ಟೋ ಹಿಚ್ (ಟ್ರೇಲರ್ ಎಳೆಯುವ ಕೊಂಡಿ) ಜಾಗ ಗಟ್ಟಿ, ಆದರೆ ಅಲ್ಲಿಂದ ಬಾಡಿಗೆ ಅಗಲವಾದ, ಗಿಡ್ಡವಾದ ತವರ ಲೇಪಿತ ಜಾಲರಿ ಪಟ್ಟಿ ಹಾಕಲೇಬೇಕು. ಬಾಗಿಲಿನ ಕೀಲು ಮೀಟರಿನಲ್ಲಿ ಸೊನ್ನೆ ಓಮ್ ತೋರಿಸಿದರೂ ಆರ್‌ಎಫ್‌ಗೆ (ರೇಡಿಯೊ ಫ್ರೀಕ್ವೆನ್ಸಿಯ ಕರೆಂಟಿಗೆ) ಒಳ್ಳೆಯ ಜೋಡಣೆ ಅಲ್ಲ. ಹಿಂಬಾಗಿಲಿಗೂ ಬಾಡಿಗೂ ಎರಡೂ ಬದಿ ಪಟ್ಟಿ ಹಾಕಿ ನೋಡಿ, ಎಷ್ಟೋ ಸಲ ಸ್ವೀಕರಿಸುವ ನಾಯ್ಸ್ ಇಳಿಯುತ್ತದೆ. ಅಲ್ಯುಮಿನಿಯಂ ಮೇಲೆ ಬರಿ ತಾಮ್ರ ಕೂರಿಸಿದರೆ ತೇವ ಸೇರಿ ಕೊರೆದುಹೋಗುತ್ತದೆ, ತವರ ಲೇಪನ ಅದಕ್ಕೇ.

ನಿಂತ ಕಾರಿನಿಂದ ಮಾಡುವವರಿಗೆ ಇನ್ನೂ ಸುಲಭದ ದಾರಿ ಇದೆ. 7.1 ಮೆಗಾಹರ್ಟ್ಸ್‌ಗೆ ಎರಡು ಬದಿ 10 ಮೀಟರಿನಂತೆ ಡೈಪೋಲ್ (ನಡುವೆ ಕೇಬಲ್ ಸೇರುವ ತಂತಿ ಆಂಟೆನಾ), ಕಾರಿನಿಂದ 15 ಮೀಟರ್ ದೂರದ ಮರಕ್ಕೆ. ಕಾರಿನ ಹತ್ತಿರದ ನಾಯ್ಸ್ ಕ್ಷೇತ್ರ ದೂರಕ್ಕೆ ಬೇಗ ಕರಗುತ್ತದೆ, ಜೊತೆಗೆ ಕಾರಿನ ಮೇಲಿನ ಗಿಡ್ಡ ವಿಪ್‌ಗಿಂತ ಈ ಆಂಟೆನಾ ಹತ್ತಾರು ಪಟ್ಟು ಉತ್ತಮವಾಗಿ ಹೊರಗೆ ಕಳಿಸುತ್ತದೆ.

ಟ್ರಾನ್ಸ್‌ಮಿಟ್ ಮಾಡಿದಾಗ

ಕಾರಿನ ಕೈಪಿಡಿಯಲ್ಲಿ ಯಾವ ಬ್ಯಾಂಡಿಗೆ ಎಷ್ಟು ವ್ಯಾಟ್, ಆಂಟೆನಾ ಎಲ್ಲಿ ಎಂಬ ಪಟ್ಟಿ ಹಲವು ತಯಾರಕರು ಕೊಟ್ಟಿರುತ್ತಾರೆ, ಅದನ್ನು ಮೊದಲು ಓದಿ. ಮೊದಲ ಪರೀಕ್ಷೆ ನಿಂತ ಕಾರಿನಲ್ಲೇ: 5 ವ್ಯಾಟ್, 10, 25, 50, ಹೀಗೆ ಒಂದೊಂದು ಬ್ಯಾಂಡಿಗೂ. ವೈಪರ್ ತಾನೇ ಅಲುಗಿತೇ, ಪಾರ್ಕಿಂಗ್ ಸೆನ್ಸರ್ ಕೂಗಿತೇ, ಟಚ್‌ಸ್ಕ್ರೀನ್ ಹುಚ್ಚಾಗಿ ಒತ್ತಿಕೊಂಡಿತೇ, ಎಚ್ಚರಿಕೆ ದೀಪ ಬಂತೇ ಎಂದು ನೋಡಿ. ಏನಾದರೂ ಆದರೆ ಆ ಬ್ಯಾಂಡಿನಲ್ಲಿ, ಆ ಪವರಿನಲ್ಲಿ ಓಡುವಾಗ ಮಾತಾಡಬಾರದು. ಸ್ಟೀರಿಂಗ್ ಮತ್ತು ಬ್ರೇಕ್ ಎಲೆಕ್ಟ್ರಾನಿಕ್ ಆಗಿರುವ ಕಾರಿನಲ್ಲಿ ಇದಕ್ಕೆ ರಿಯಾಯಿತಿ ಇಲ್ಲ.

ಮನೆಯ ಸ್ಟೇಷನ್ನಿನಿಂದ ಟ್ರಾನ್ಸ್‌ಮಿಟ್ ಮಾಡಿದಾಗ ಹೊರಗೆ ಕಾರಿನ ಚಾರ್ಜಿಂಗ್ ನಿಂತುಹೋಗುವುದು ಮತ್ತೊಂದು ಸಾಮಾನ್ಯ ದೂರು. ಕಾರಣ ಎಸಿ ಚಾರ್ಜಿಂಗ್ ಕೇಬಲ್ಲಿನಲ್ಲಿರುವ ಪೈಲಟ್ ವೈರು. ಅದರಲ್ಲಿ 1 ಕಿಲೊಹರ್ಟ್ಸ್ ಚೌಕ ತರಂಗ ಹರಿಯುತ್ತದೆ. ಅದರ ಮೇಲ್ತುದಿ 9 ವೋಲ್ಟ್ ಇದ್ದರೆ ಕಾರು ಜೋಡಣೆಯಾಗಿದೆ ಎಂದರ್ಥ, 6 ವೋಲ್ಟ್ ಆದರೆ ಕರೆಂಟ್ ಕೊಡು ಎಂದರ್ಥ. ತರಂಗದ ಡ್ಯೂಟಿ ಸೈಕಲ್ಲು (ಒಂದು ಆವರ್ತದಲ್ಲಿ ಅದು ಮೇಲಿರುವ ಹೊತ್ತಿನ ಪಾಲು) ಎಷ್ಟು ಕರೆಂಟ್ ಎಳೆಯಬಹುದು ಎಂದು ಹೇಳುತ್ತದೆ: ಶೇಕಡಾ 10ಕ್ಕೆ 6 ಆಂಪಿಯರ್, 50ಕ್ಕೆ 30. ಈ ಮೃದು ಸಂಕೇತದ ಮೇಲೆ ಆರ್‌ಎಫ್ ಬಂದು ಕೂತರೆ ಚಾರ್ಜರ್ ಗೊಂದಲಕ್ಕೆ ಬಿದ್ದು ಕಾಂಟ್ಯಾಕ್ಟರ್ ಬಿಡುತ್ತದೆ. 14 ಮೆಗಾಹರ್ಟ್ಸ್‌ನಲ್ಲೇ ಇದು ಹೆಚ್ಚಾಗಿ ಆಗುತ್ತಿದ್ದರೆ ಕೇಬಲ್ ಅಳೆದು ನೋಡಿ. 5 ಮೀಟರ್ ಕೇಬಲ್ ಆ ಬ್ಯಾಂಡಿನ ಕಾಲು ತರಂಗದಷ್ಟೇ ಉದ್ದ.

ಚಾರ್ಜರ್ ಡಬ್ಬಿಯನ್ನು ಬಿಚ್ಚಲು ಹೋಗಬೇಡಿ. ದೊಡ್ಡ ರಿಂಗ್‌ಗಳನ್ನು ಎರಡು ಮೂರು ಒತ್ತಟ್ಟಿಗೆ ಸೇರಿಸಿ, ಡಬ್ಬಿಯ ಹತ್ತಿರದ ತುದಿಯಲ್ಲಿ ಕೇಬಲ್ಲನ್ನು ಎರಡು ಮೂರು ಸಡಿಲ ಸುತ್ತು ತೂರಿಸಿ. ಬಿಗಿಯಾಗಿ, ಹೆಚ್ಚು ಸುತ್ತಿದರೆ 32 ಆಂಪಿಯರ್ ಹರಿಯುವಾಗ ಕೇಬಲ್ ಕಾಯುತ್ತದೆ. ಅರ್ಧ ಗಂಟೆ ಚಾರ್ಜ್ ಆದ ಮೇಲೆ ಕೈಯಿಟ್ಟು ನೋಡಿ. ನಿಮ್ಮ ಆಂಟೆನಾದ ಫೀಡ್ ಪಾಯಿಂಟಿನಲ್ಲಿ (ಕೋಆಕ್ಸ್ ಸೇರುವ ಜಾಗದಲ್ಲಿ) ಕರೆಂಟ್ ಚೋಕ್ ಇಲ್ಲದಿದ್ದರೆ ಅದನ್ನು ಮೊದಲು ಹಾಕಿ, ಎಷ್ಟೋ ಕಡೆ ಅದೊಂದರಿಂದಲೇ ಸರಿಹೋಗುತ್ತದೆ. ಉಲ್ಟಾ ತೊಂದರೆ, ಅಂದರೆ ಚಾರ್ಜಿಂಗ್‌ನ ನಾಯ್ಸ್ ನಿಮ್ಮ ರೇಡಿಯೊಗೆ ಬರುವುದು, ಟೈಮರಿನಿಂದ ಸುಲಭವಾಗಿ ತೀರುತ್ತದೆ: ನೀವು ಮಲಗಿರುವಾಗ ಕಾರು ತುಂಬಿಕೊಳ್ಳಲಿ.

ಇನ್ನೊಂದು ಚಿಕ್ಕ ವಿಷಯ. ಬಹಳಷ್ಟು ಕಾರುಗಳ ಕೀ ಮತ್ತು ಟೈರ್ ಪ್ರೆಶರ್ ಸೆನ್ಸರ್‌ಗಳು 433.92 ಮೆಗಾಹರ್ಟ್ಸ್‌ನಲ್ಲಿವೆ, ಅದು ಹಲವು ದೇಶಗಳಲ್ಲಿ ಹ್ಯಾಮ್ ಯುಎಚ್‌ಎಫ್ ಬ್ಯಾಂಡಿನ ಒಳಗೇ, 434ರಿಂದ ಬ್ಯಾಂಡ್ ಶುರುವಾಗುವ ಭಾರತದಲ್ಲಿ ಅದರ ಅಂಚಿನ ಪಕ್ಕದಲ್ಲೇ. 433ರ ಆಸುಪಾಸು ಕೇಳುವಾಗ ಆಗಾಗ ಬರುವ ಗಿಡ್ಡ ‘ಟರ್’ ಸದ್ದು ನಿಮ್ಮದೇ ಟೈರಿನದಿರಬಹುದು. ಯುಎಚ್‌ಎಫ್‌ನಲ್ಲಿ ಜೋರಾಗಿ ಟ್ರಾನ್ಸ್‌ಮಿಟ್ ಆಗುತ್ತಿರುವ ಕಡೆ ಕೀ ಒತ್ತಿದರೂ ಬಾಗಿಲು ತೆರೆಯದಿದ್ದರೆ ಕೀಯ ಸೆಲ್ ಬದಲಿಸುವ ಮೊದಲು ಟ್ರಾನ್ಸ್‌ಮಿಟ್ ನಿಲ್ಲಿಸಿ ಇನ್ನೊಮ್ಮೆ ಒತ್ತಿ ನೋಡಿ.